ಕಂಬಳಿ ಹೊದ್ದು ದವಾಖಾನೆಗೆ

ರೇಣವ್ವ ನೆಮ್ಮದಿಯಿಂದ ಕೂತದ್ದನ್ನು ಕಂಡವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಕಮತಗಿಯ ಹತ್ತಿರದ ಸಣ್ಣ ಹಳ್ಳಿ ಅದು, ಹೆಚ್ಚಾಗಿ ಕುರುಬರದೇ ಮನೆಗಳು. ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತ ಹರಟುವಾಗ ಇವಳೊಬ್ಬಳು ಕಂಬಕ್ಕೆ ಒರಗಿ ನಿಂತು ಕದಿರು ತಿರುಗಿಸುತ್ತಿದ್ದಳು. ರೊಟ್ಟಿ ಬಡಿಯುವಾಗಲೂ ಒಂದು ಮೊಣಕಾಲು ನೆಲಕ್ಕೆ ಊರಿ, ಈಗ ಎದ್ದೆ ಆಗ ಎದ್ದೆ ಎಂಬಂತೆ ಬಡಿಯುತ್ತಿದ್ದಳು. ಊಟವಂತೂ ನಿಂತೇ, ಮಗಳಿಗೆ ತುತ್ತು ಕೊಡುವುದೂ ನಿಂತೇ.

"ನಮ್ಮ ಸೊಸಿ ಕಾಲಾಗ ಚಕ್ರ ಅದಾವ" ಎಂದು ಅತ್ತೆ ಹನಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಊರೂ ಅದನ್ನೇ ನಂಬಿತು. ಊರಿನವರಿಗೆ ಒಂದು ಕಾರಣ ಸಿಕ್ಕರೆ ಸಾಕು, ಅದರ ಹಿಂದೆ ಇನ್ನೊಂದು ಇರಬಹುದು ಎಂದು ತಲೆ ಕೆಡಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗಿದೆ?

ಆ ಚಕ್ರದ ಕಾಲುಗಳಿಗೆ ನಿಜವಾಗಿ ಕೆಲಸ ಬಂದದ್ದು ಎಪ್ಪತ್ತಾರರ ಚಳಿಗಾಲದಲ್ಲಿ, ಗಂಡ ಬಂಡೆಪ್ಪ ಹಾಸಿಗೆ ಹಿಡಿದಾಗ. ಬಂಡೆಪ್ಪ ಎಂದರೆ ಕೊಬ್ಬಿದ ಟಗರನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟುತ್ತಿದ್ದ ಆಳು. ಮಾತು ಕಡಿಮೆ. ಕುರಿಗಳ ಜೊತೆ ಆಡಿದಷ್ಟನ್ನು ಮನುಷ್ಯರ ಜೊತೆ ಆಡಿದವನಲ್ಲ. ಅಂಥವನಿಗೆ ಜ್ವರ ಹತ್ತಿತು. ಕೆಲವು ದಿನ ಮೈ ಸುಡುತ್ತಿತ್ತು, ಇನ್ನೇನು ಬಿಟ್ಟಿತು ಎಂದು ಗಂಜಿ ಕುಡಿಸುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಬೆವರಿದರೆ ಹೊದ್ದ ಕಂಬಳಿ ಹಿಂಡುವಷ್ಟು ಒದ್ದೆ. ಸೊಂಟ ಹಿಡಿದು, ಬಗ್ಗಿ ಕೋಲು ಎತ್ತಿಕೊಳ್ಳುವುದೂ ಆಗದಾಯಿತು. ಬರಬರುತ್ತ ಅಂಗಿಯೊಳಗೆ ಮನುಷ್ಯನೇ ಇಲ್ಲವೇನೋ ಎನ್ನುವಷ್ಟು ಸೊರಗಿದ.

ಯಾವ ದವಾಖಾನೆಗೆ ಒಯ್ಯುವುದು? ರೇಣವ್ವನಿಗೆ ಗೊತ್ತಿದ್ದದ್ದು ಕಮತಗಿಯ ಸೂಜಿ ಡಾಕ್ಟರು ಒಬ್ಬರೇ. ಅವಳು ಕೇಳಿದ್ದು ಬಳೆ ಮಾರುವ ರಂಜಾನಬಿಯನ್ನು. ರಂಜಾನಬಿ ಅಮೀನಗಡದವಳು. ಬಳೆಯ ಮಲಾರ ಹೊತ್ತು ಇಳಕಲ್ಲಿನಿಂದ ಬಾದಾಮಿಯ ತನಕ ತಿರುಗುತ್ತಿದ್ದಳು, ಎಲ್ಲ ಊರಿನ ಡಾಕ್ಟರರ ಹೆಸರೂ ಸಿಟ್ಟೂ ಅವಳಿಗೆ ಗೊತ್ತು.

"ಎಲ್ಲಿಗರ ಹೋಗು, ಆದ್ರ ಹಿಂಗ ಹೋಗಬ್ಯಾಡ" ಎಂದಳು ರಂಜಾನಬಿ, ಮೂಲೆಯಲ್ಲಿ ಮುದುಡಿದ ಬಂಡೆಪ್ಪನನ್ನು ನೋಡಿ. "ಕುರಿ ವಾಸನಿ ಬಂದ್ರ ಡಾಕ್ಟರ ಮುಟ್ಟಿ ನೋಡಂಗಿಲ್ಲ. ಒಬ್ಬನ್ನ ಹೊರಗ ಬಿಸಿಲಾಗ ನಿಂದರಿಸಿದ್ದು ನಾ ಕಣ್ಣಾರೆ ಕಂಡೇನಿ. ಹಸನಾಗಿ ಜಳಕಾ ಮಾಡಿಸಿ, ಬಿಳಿ ಅಂಗಿ ಹಾಕ್ಸು. ಏನ ಉದ್ಯೋಗ ಅಂದ್ರ, ಒಕ್ಕಲತನ ಅಂತನ್ನು."

"ಅಕ್ಕಾ, ಖರೇನ ಹಂಗ ಮಾಡ್ತಾರ?"

"ನಾ ಯಾಕ ಸುಳ್ಳ ಹೇಳ್ಲಿ?"

ಹನಮವ್ವನಿಗೂ ಇದು ಹಿಡಿಸಿತು. ಅವಳ ಕಾರಣ ಬೇರೆ. ಹಿಂಡಿನ ಸುದ್ದಿ ಹೊರಗಿನವರ ಕಿವಿಗೆ ಬೀಳಬಾರದು ಎಂಬುದು ಆ ಮನೆಯ ಕಟ್ಟುನಿಟ್ಟು. ಬೇಸಿಗೆಯಲ್ಲಿ ರೈತರು ಕುರುಬರನ್ನು ಕರೆದು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಎಂದರೆ, ಹಿಂಡು ಅಲ್ಲೇ ತಂಗಿ ಗೊಬ್ಬರ ಬೀಳಬೇಕು, ಅದಕ್ಕೆ ಪ್ರತಿಯಾಗಿ ಕುರುಬನ ಮನೆಗೆ ಜೋಳ. ಆ ವರ್ಷ ಅವರ ಕುರಿಗಳು ಒಂದರ ಹಿಂದೊಂದು ಕಂದು ಹಾಕುತ್ತಿದ್ದವು, ಹೊಟ್ಟೆಯೊಳಗಿನ ಮರಿ ದಿನ ತುಂಬುವ ಮೊದಲೇ ಸತ್ತು ಬೀಳುತ್ತಿತ್ತು. ಈ ಮಾತು ಹೊರಬಿದ್ದರೆ ಯಾವ ರೈತ ಕರೆಯುತ್ತಾನೆ? ಬೀರಪ್ಪನಿಗೆ ಹರಕೆ ಹೊತ್ತು, ಹಿಂಡಿಗೆಲ್ಲ ದೇವರ ಅರಿಸಿನದ ಭಂಡಾರ ಹಚ್ಚಿ, ಬಾಯಿ ಮುಚ್ಚಿಕೊಂಡಿದ್ದಳು ಹನಮವ್ವ.

ಹೀಗಾಗಿ ದವಾಖಾನೆಗೆ ಹೊರಡುವ ದಿನವೆಂದರೆ ಆ ಮನೆಯಲ್ಲಿ ಮದುವೆಯ ಸಿದ್ಧತೆ. ರೇಣವ್ವ ಗಂಡನಿಗೆ ಬಿಸಿನೀರು ಹೊಯ್ದು, ಸೀಗೆಕಾಯಿ ಹಚ್ಚಿ ತಿಕ್ಕುತ್ತಿದ್ದಳು. ಉಗುರಿನ ಸಂದಿಯ ಕರೆಯನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು. ಪ್ರೀತಿಯಿಂದಲೇ ತಿಕ್ಕುತ್ತಿದ್ದಳು, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಮದುವೆಯ ಬಿಳಿ ಅಂಗಿ, ಮಡಿ ಧೋತರ, ತಲೆಗೆ ಪಟಗ. ಕಂಬಳಿಯನ್ನು ಮಾತ್ರ ಮನೆಯ ಗೂಟಕ್ಕೆ ನೇತು ಹಾಕಿ ಹೋಗುವುದು. ಚಳಿಜ್ವರದ ಮನುಷ್ಯ ಆ ತೆಳು ಅಂಗಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಗಡಗಡ ನಡುಗುತ್ತಿದ್ದ. ರೇಣವ್ವ ಜಾಗವಿದ್ದರೂ ಕೂರದೆ, ಗಾಳಿಗೆ ಅಡ್ಡವಾಗಿ ನಿಂತು ಬರುತ್ತಿದ್ದಳು.

ಕಮತಗಿಯ ಡಾಕ್ಟರು ಸೂಜಿ ಚುಚ್ಚಿ ಕಳಿಸಿದರು. ಇಳಕಲ್ಲಿನವರು ಚಳಿಜ್ವರದ ಕಹಿ ಗುಳಿಗೆ ಕೊಟ್ಟರು. ಬನಶಂಕರಿಯ ಕಡೆ ಒಬ್ಬರು ಎಲೆಯ ರಸ ಕೊಡುತ್ತಾರೆಂದು ಯಾರೋ ಹೇಳಿದರು, ಅದೂ ಆಯಿತು. ಅಷ್ಟು ದೂರ ಹೋದದ್ದಕ್ಕೆ ಬಾದಾಮಿಯಲ್ಲೂ ತೋರಿಸಿದರು. ಅವರು ಕ್ಷಯವೇನೋ ಎಂದು ಎದೆಯ ಫೋಟೋ ತೆಗೆಸಿದರು, ಎದೆ ಗಾಜಿನಂತೆ ಚೊಕ್ಕ. ಎಲ್ಲರೂ ಕೇಳುವುದು ಒಂದೇ: "ಏನ ಉದ್ಯೋಗಪಾ?" ಇವರು ಹೇಳುವುದೂ ಒಂದೇ: "ಒಕ್ಕಲತನ್ರಿ." ಆ ಡಾಕ್ಟರರನ್ನು ಬೈದು ಏನೂ ಉಪಯೋಗವಿಲ್ಲ. ಅವರ ಮುಂದೆ ನಿಲ್ಲುತ್ತಿದ್ದವನು ಬಿಳಿ ಅಂಗಿ ತೊಟ್ಟ, ಸೀಗೆಕಾಯಿ ವಾಸನೆಯ, ಬೇರೆಯೇ ಒಬ್ಬ ಮನುಷ್ಯ.

ಕೊನೆಗೆ ಬೀಗರು ಬಿಜ್ಜರು ಸೇರಿ, ಹಿಂಡು ಮಾರಿ ಮಿರಜದ ದೊಡ್ಡ ದವಾಖಾನೆಗೆ ಒಯ್ಯುವುದೇ ಸರಿ ಎಂದರು. ಬಂಡೆಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು ಅಲ್ಲಿಂದಲೇ ಹೇಳಿದ: "ಕುರಿ ಮಾರಿದ ಮ್ಯಾಲ ನಾ ಉಳದ್ರೇನು, ಹೋದ್ರೇನು?" ಆ ಮಾತು ರೇಣವ್ವನ ಎದೆಗೆ ನಾಟಿತು. ಗಂಡ ಉಳಿಯಬೇಕಾದರೆ ಹಿಂಡು ಹೋಗಬೇಕು, ಹಿಂಡು ಹೋದರೆ ಗಂಡ ಉಳಿಯುವುದಿಲ್ಲ. ಒಳಗೆ ಹೊರಗೆ ತಿರುಗಿದಳು. ನೀರು ತುಂಬಿದ ಹಂಡೆಯನ್ನೇ ಮತ್ತೆ ತುಂಬಿದಳು.

ಮರುದಿನ ಅವಳ ಅಚ್ಚುಮೆಚ್ಚಿನ ಕರಿಕಿವಿ ಎಂಬ ಕುರಿ ಕಂದು ಹಾಕಿತು. ಮರಿಯ ಹಿಂದೆ ಬೀಳಬೇಕಾದ ಮಾಸು ಬೀಳದೆ ಒದ್ದಾಡುತ್ತಿತ್ತು. ಅತ್ತೆ ದೇವರ ಮುಂದೆ ಕೂತಿದ್ದಾಗ ರೇಣವ್ವ ಹಿತ್ತಲಿನಿಂದ ಅದನ್ನು ಹೊರಗೆಳೆದು, ಅಮೀನಗಡದ ದಾರಿ ಹಿಡಿದಳು. ಮನುಷ್ಯರ ದವಾಖಾನೆಗಳೆಲ್ಲ ಮುಗಿದಿದ್ದವು, ಉಳಿದದ್ದು ದನದ ದವಾಖಾನೆ ಒಂದೇ. ಹೊತ್ತಷ್ಟು ಹೊತ್ತು, ನಡೆಸಿದಷ್ಟು ನಡೆಸಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ ತಲುಪಿದಳು.

ದನದ ಡಾಕ್ಟರು ನಡುವಯಸ್ಸಿನವರು, ತೋಳು ಮಡಚಿದ ಖಾಕಿ ಅಂಗಿ. ಕುರಿಯನ್ನು ಮುಟ್ಟುವ ಮೊದಲೇ ಕೇಳತೊಡಗಿದರು. ಎಷ್ಟು ದಿನದಿಂದ ಹಿಂಗ ಆಗಕ್ಹತ್ತೇತಿ? ಎಲ್ಲಾ ಒಂದ ಹಿಂಡಿನ್ವೇನು? ಸತ್ತ ಮರಿ ಏನ ಮಾಡಿದ್ರಿ? ನೀರು ಎಲ್ಲಿ ಕುಡಸ್ತೀರಿ? ರೇಣವ್ವ ಒಂದನ್ನೂ ಮುಚ್ಚಿಡಲಿಲ್ಲ. ಕುರಿಗೆ ಹುಷಾರಾಗಬೇಕಾದರೆ ಇದ್ದದ್ದು ಇದ್ದಂತೆ ಹೇಳಬೇಕು ಎಂಬುದು ಅವಳಿಗೆ ಯಾರೂ ಕಲಿಸಬೇಕಾದ ವಿಷಯವಾಗಿರಲಿಲ್ಲ.

"ಮಾಸು ಯಾರು ತಗೀತಾರ?"

"ನಮ್ಮ ಮನಿಯವರ ತಗೀತಾರ್ರಿ. ಭಾಳ ಕೈಗುಣ ಐತ್ರಿ ಅವರದು. ಬರೇ ಕೈಲೇ, ಹಗೂರಕ. ಮರಿ ಉಸರ ಹಿಡದ್ರ ಬಾಯಿಗೆ ಬಾಯಿ ಹಚ್ಚಿ ಊದ್ತಾರ್ರಿ. ಚಳಿಯಾಗ ಅದನ್ನ ಕಂಬಳ್ಯಾಗ ಹಾಕ್ಕೊಂಡ ಮಲಗ್ತಾರ." ಹೇಳುತ್ತ ಹೇಳುತ್ತ ಅವಳ ದನಿಯಲ್ಲಿ ಹೆಮ್ಮೆ ಬಂತು.

"ಹಾಲು?"

"ಹಸಿ ಹಾಲ ಕುಡೀತಾರ್ರಿ, ಅಲ್ಲೇ ಕರದು."

ಡಾಕ್ಟರು ಕರಿಕಿವಿಯ ಮಾಸು ತೆಗೆದು ಕೈ ತೊಳೆಯುತ್ತಿದ್ದವರು ನಿಲ್ಲಿಸಿ ಅವಳ ಕಡೆ ತಿರುಗಿದರು. "ಮತ್ತ ಆ ಮನಷ್ಯಾ ಹೆಂಗದಾನವ್ವಾ? ಜ್ವರಾ ಗಿರಾ ಅದಾವೇನು?"

ರೇಣವ್ವ ಕುರಿ ಕಟ್ಟಿದ್ದ ಗೂಟ ಹಿಡಿದು ನಿಂತಳು. ಇಷ್ಟು ಊರು ತಿರುಗಿದರೂ ಕುರಿಗೂ ಗಂಡನ ಜ್ವರಕ್ಕೂ ಗಂಟು ಹಾಕಿ ಯಾರೂ ಕೇಳದ ಪ್ರಶ್ನೆಯನ್ನು ಕುರಿಯ ಡಾಕ್ಟರು ಕೇಳಿದ್ದರು. ಜ್ವರ, ಬೆವರು, ಸೊಂಟ, ಎಲ್ಲವನ್ನೂ ಅಳುತ್ತಲೇ ಹೇಳಿದಳು.

"ಅಳಬ್ಯಾಡ ನನ್ನವ್ವಾ. ಕುರಿ ಕಂದು ಹಾಕೋ ರೋಗ ಮನಷ್ಯಾರಿಗೂ ಹತ್ತತೈತಿ. ಅದ ಇರಬಹುದು, ಇರಲಿಕ್ಕಿಲ್ಲ, ನಾ ಹೇಳಾಕ ಬರಂಗಿಲ್ಲ. ನಾ ಕುರಿಗೆ ಔಷಧ ಕೊಡಾಂವ. ನೀ ಬಾಗಲಕೋಟಿ ದೊಡ್ಡ ದವಾಖಾನಿಗೆ ಹೋಗು. ಉಳಿದದ್ದೆಲ್ಲಾ ಬಿಡು, ಮೊದಲ ಈ ಮಾತ ಹೇಳು: ನಾವು ಕುರಿ ಕಾಯೋರು, ಕುರಿ ಕಂದು ಹಾಕ್ಯಾವ, ಇವರು ಕೈಲೇ ಮಾಸು ತಗದಾರ. ರಕ್ತ ತಪಾಸ ಮಾಡಸ್ತಾರ."

ಮನೆಗೆ ಮರಳುವ ದಾರಿಯುದ್ದಕ್ಕೂ ರೇಣವ್ವನಿಗೆ ಸಿಟ್ಟು. ರಂಜಾನಬಿಯ ಮೇಲೆ, ಅತ್ತೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಎರಡು ಕೈಗಳ ಮೇಲೆ. ಕುರಿಯ ವಿಷಯದಲ್ಲಿ ಎಲ್ಲ ನಿಜ ಹೇಳಿದ ಬಾಯಿ ಗಂಡನ ವಿಷಯದಲ್ಲಿ ಊರೂರಿಗೆ ಸುಳ್ಳು ಹೇಳಿತ್ತು. ರೋಗದ ಗುರುತನ್ನು ಪ್ರತಿ ಸಲವೂ ತಾನೇ ಸೀಗೆಕಾಯಿ ಹಾಕಿ ತೊಳೆದು ಕಳಿಸಿದ್ದೆನಲ್ಲ ಎಂದು ನೆನೆದಾಗ ಅವಳಿಗೆ ತನ್ನ ಕೈ ನೋಡಿಕೊಳ್ಳಲೂ ನಾಚಿಕೆಯಾಯಿತು.

ಹನಮವ್ವ ಹೌಹಾರಿದಳು. "ಪ್ಯಾಟ್ಯಾಗ ನಿಂತು ನಮ್ಮ ಕುರಿಗೆ ರೋಗ ಐತಿ ಅಂತ ಡಂಗುರಾ ಹೊಡೀತಿಯೇನು? ಶಂಕ್ರಪ್ಪನ ಹೊಲಕ್ಕ ಮಾತು ಕೊಟ್ಟೇವಿ. ಆಂವಗ ಗೊತ್ತಾದ್ರ ಒಳಗ ಬಿಡ್ತಾನೇನು? ವರ್ಸಿನ ಜ್ವಾಳ ಎಲ್ಲಿಂದ ತರ್ತಿ?"

"ಹೊಲ ಎಲ್ಲಿಗೂ ಹೋಗಂಗಿಲ್ಲ ಅತ್ತಿ. ನಿಮ್ಮ ಮಗಾ ಇರಬೇಕಲ್ಲ."

ಅತ್ತೆ ಮುಖ ತಿರುಗಿಸಿಕೊಂಡಳು. ರೇಣವ್ವ ಒಳಗೆ ಹೋಗಿ ಗೂಟದಿಂದ ಕಂಬಳಿ ತೆಗೆದಳು.

"ನೀರ ಕಾಸಿಲ್ಲೇನು?" ಎಂದ ಬಂಡೆಪ್ಪ.

"ಜಳಕಾ ಬ್ಯಾಡ. ಇದನ್ನ ಹೊಚ್ಚಿಕೋರಿ, ಹೊತ್ತಾತು."

"ಹಿಂಗ? ದವಾಖಾನಿಗೆ?"

"ಹಿಂಗ."

ಎಷ್ಟೋ ದಿನಗಳ ಮೇಲೆ ಬಂಡೆಪ್ಪನ ಮುಖದಲ್ಲಿ ನಗೆಯಂಥದ್ದು ಸುಳಿಯಿತು. ಬಸ್ಸಿನಲ್ಲಿ ಜನ ಮೂಗಿಗೆ ಸೆರಗು ಹಿಡಿದರು. ಕಂಡಕ್ಟರು, "ಏ ಯಜಮಾನ, ಹಿಂದ ಹೋಗಿ ಕುಂದ್ರು" ಎಂದ. ಕಂಬಳಿಯ ಬೆಚ್ಚಗೆಯಲ್ಲಿ ಬಂಡೆಪ್ಪ ಬಾಗಲಕೋಟೆ ಬರುವ ತನಕ ನಡುಗದೆ ನಿದ್ದೆ ಮಾಡಿದ. ರೇಣವ್ವ ನಿಂತೇ ಇದ್ದಳು. ಪಕ್ಕದ ಹೆಂಗಸು ಸರಿದು ಜಾಗ ಕೊಟ್ಟರೂ, "ಇರಲೆವ್ವಾ" ಎಂದಳು.

ದವಾಖಾನೆಯಲ್ಲಿ ಸಾಲು ಉದ್ದವಿತ್ತು. ಇವರ ಪಾಳಿ ಇನ್ನೇನು ಬಂತು ಎನ್ನುವಾಗ ರೇಣವ್ವ ಹಿಂದೆ ತಿರುಗಿದರೆ, ಬೆನ್ನಿಗೇ ನಿಂತಿದ್ದಾನೆ ಶಂಕ್ರಪ್ಪ! ಕುರಿ ತರುಬುತ್ತೇವೆಂದು ಮಾತು ಕೊಟ್ಟಿದ್ದ ಹೊಲದ ಅದೇ ಶಂಕ್ರಪ್ಪ, ಕಣ್ಣು ಕೆಂಪಾಗಿದೆಯೆಂದು ತೋರಿಸಲು ಬಂದಿದ್ದ. "ಏನ ಬಂಡೆಪ್ಪಾ, ಭಾಳ ಸೊರಗಿಯಲ್ಲೋ" ಎಂದು ಅಕ್ಕರೆಯಿಂದಲೇ ಮಾತಾಡಿಸಿದ. ಬಾಗಿಲಿಗೆ ಪರದೆಯಿರಲಿಲ್ಲ. ಒಳಗಿನ ಮಾತು ಹೊರಗಿನವರಿಗೆಲ್ಲ ಕೇಳುತ್ತಿತ್ತು.

"ಏನ ಉದ್ಯೋಗ?" ಡಾಕ್ಟರು ತಲೆಯೆತ್ತದೆ ಕೇಳಿದರು.

ಬಂಡೆಪ್ಪ ಶಂಕ್ರಪ್ಪನ ಕಡೆ ಒಮ್ಮೆ ನೋಡಿದ. "ಒಕ್ಕಲತನ್ರಿ."

"ಸುಳ್ಳರಿ!"

ರೇಣವ್ವ ಹೇಳಿದ್ದಲ್ಲ, ಕಿರುಚಿದ್ದು. ಸಾಲಿಗೆ ಸಾಲೇ ತಿರುಗಿ ನೋಡಿತು. ಅವಳು ನಿಲ್ಲಿಸಲಿಲ್ಲ. "ನಾವು ಕುರಿ ಕಾಯೋರ್ರಿ. ಕುರಿ ಕಂದು ಹಾಕ್ಯಾವ್ರಿ. ಇವರು ಬರೇ ಕೈಲೇ ಮಾಸು ತಗದಾರ್ರಿ. ಇಲ್ಲೀ ತನಕಾ ಎಲ್ಲಾ ಡಾಕ್ಟರ ಮುಂದ ಸುಳ್ಳ ಹೇಳೇವ್ರಿ."

ಡಾಕ್ಟರು ಈಗ ತಲೆಯೆತ್ತಿದರು. ಕಂಬಳಿಯನ್ನು ನೋಡಿದರು, ಬಂಡೆಪ್ಪನ ಕೈಗಳನ್ನು ನೋಡಿದರು, ಎದುರಿನ ಸ್ಟೂಲು ತೋರಿಸಿ ಕೂರಿಸಿದರು. ಆಮೇಲೆ ಅವರ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಬಂಡೆಪ್ಪನೂ ಒಂದೊಂದಾಗಿ ಹೇಳಿದ. ಹೆಂಡತಿಯನ್ನು ಹೊರಗೆ ಕಳಿಸಿ, ಧೋತರದೊಳಗೆ ಇಷ್ಟು ದಿನ ಅವಳಿಂದಲೂ ಬಚ್ಚಿಟ್ಟಿದ್ದ ಒಂದು ಬಾವಿನ ಮಾತನ್ನೂ ಬಾಯಿಬಿಟ್ಟ. ರಕ್ತ ಹುಬ್ಬಳ್ಳಿಗೆ ಹೋಗಿ ಬಂತು. ದನದ ಡಾಕ್ಟರು ಹೇಳಿದ್ದೇ ನಿಜವಾಗಿತ್ತು.

ಇತ್ತ ಶಂಕ್ರಪ್ಪ ಕಣ್ಣು ತೋರಿಸಿಕೊಂಡು ಬಂದವನೇ ಹೇಳಿ ಕಳಿಸಿದ, ಕುರಿ ಬೇಡ ಎಂದು. ಅವನನ್ನು ನೋಡಿ ಉಳಿದ ರೈತರೂ ಬಾಗಿಲು ಹಾಕಿದರು. ಆ ವರ್ಷ ಮನೆಯಲ್ಲಿ ರೊಟ್ಟಿ ತೆಳುವಾದವು. ಹನಮವ್ವ ಸೊಸೆಯ ಜೊತೆ ಮಾತು ಬಿಟ್ಟಳು. ಹೇಳುವುದಿದ್ದರೆ ಬಾಗಿಲ ನಾಯಿಗೆ ಹೇಳುತ್ತಿದ್ದಳು, ರೇಣವ್ವ ಕೇಳಿಸಿಕೊಳ್ಳುತ್ತಿದ್ದಳು. ಬಂಡೆಪ್ಪ ಮಾತ್ರ ವಾರಗಟ್ಟಲೆ ಸೂಜಿ ಗುಳಿಗೆ ತೆಗೆದುಕೊಂಡು ಮೆಲ್ಲಗೆ ಚೇತರಿಸಿಕೊಂಡ. ದನದ ಡಾಕ್ಟರು ಬಂದು ರೋಗದ ಕುರಿಗಳನ್ನು ಬೇರೆ ಮಾಡಿಸಿದರು, ಸತ್ತ ಮರಿಗಳನ್ನು ಸುಣ್ಣ ಹಾಕಿ ಆಳಕ್ಕೆ ಹೂಳುವುದನ್ನು ಹೇಳಿಕೊಟ್ಟರು. ಹಿಂಡು ಚಿಕ್ಕದಾಯಿತು, ಆದರೆ ಉಳಿಯಿತು. ಮರುವರ್ಷ ಬಂಡೆಪ್ಪ ಟಗರು ಹೊತ್ತು ಹಳ್ಳ ದಾಟಿದ ದಿನ ಹನಮವ್ವ ನಾಯಿಯನ್ನು ಬಿಟ್ಟು ನೇರವಾಗಿ ಸೊಸೆಗೇ, "ಒಂದೀಟ ತುಪ್ಪಾ ಹಾಕ್ಕೊಂಡ ಉಣ್ಣು" ಎಂದಳು. ಶಂಕ್ರಪ್ಪನೂ ತಾನಾಗಿ ಕರೆಯಲು ಬಂದ. ಗೊಬ್ಬರವಿಲ್ಲದ ಹೊಲ ಅವನಿಗೂ ಬುದ್ಧಿ ಕಲಿಸಿತ್ತು.

ಅಲ್ಲಿಂದ ಊರಿನವರು ರೇಣವ್ವನನ್ನು 'ದವಾಖಾನಿ ರೇಣವ್ವ' ಎಂದು ಕರೆಯತೊಡಗಿದರು. ಯಾರಿಗೆ ಏನೇ ಆದರೂ, ಯಾವ ಊರು, ಯಾವ ಡಾಕ್ಟರು ಎಂದು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ನಿಂತೇ ಕೇಳಿಸಿಕೊಂಡು, ನಿಂತೇ ಹೊರಡುತ್ತಿದ್ದಳು. ಇಳಕಲ್ಲಿನ ಕಲ್ಲಿನ ಖಣಿಯಲ್ಲಿ ದುಡಿಯುವ ದುರ್ಗಪ್ಪ ಕೆಮ್ಮಿಗೆ ತೋರಿಸಲು ಹೊಸ ಅಂಗಿ ಹಾಕಿಕೊಂಡು ಬಂದಾಗ ಅವನನ್ನು ಅರ್ಧ ದಾರಿಯಿಂದ ತಿರುಗಿಸಿದಳು. "ಕಲ್ಲಿನ ಪುಡಿ ಬಿದ್ದ ಅರಿವ್ಯಾಗ ಬಾರಪಾ ತಮ್ಮಾ. ನೀ ಎಲ್ಲಿ ದುಡೀತಿ ಅನ್ನೋದು ಡಾಕ್ಟರಗ ಕಾಣಬೇಕು." ರಂಜಾನಬಿ ಇದನ್ನು ಕೇಳಿ ಹಣೆ ಚಚ್ಚಿಕೊಂಡು ನಗುತ್ತಿದ್ದಳು. "ನಾ ತೊಳದ ಕಳಸಾಕಿ, ನೀ ಹೊಲಸಾಗಿ ಕಳಸಾಕಿ!"

ಹೀಗೆ ವರ್ಷಗಳು ಉರುಳಿ ಎಂಬತ್ತೈದು ಬಂತು. ಹನಮವ್ವ ತೀರಿಕೊಂಡಿದ್ದಳು, ಮಗಳು ಗಂಡನ ಮನೆ ಸೇರಿದ್ದಳು. ಒಂದು ಬೆಳಿಗ್ಗೆ ನೀರಿನ ಕೊಡ ಇಳಿಸಿದ ರೇಣವ್ವ ಕಂಬ ಹಿಡಿದು ನಿಂತಲ್ಲೇ ಬೆವರಿದಳು, ತುಟಿ ಬಿಳಚಿದವು. ಬಂಡೆಪ್ಪ ನೋಡಿದ.

"ಇಳಕಲ್ಲಿಗೆ ಹೆಣ್ಣಮಗಳು ಡಾಕ್ಟರ ಬಂದಾಳಂತ. ನಡಿ."

"ನನಗೇನಾಗೇತಿ? ನಡಾ ಹಿಡದೈತಿ, ಅಷ್ಟ."

"ನಡಿ ಅಂದ್ನೆಲ್ಲ."

ಅವಳು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಜಳಕ ಮಾಡಿ, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ರಂಜಾನಬಿ ತೊಡಿಸಿದ ಹೊಸ ಹಸಿರು ಬಳೆಗಳೊಂದಿಗೆ ಮದುಮಗಳಂತೆ ನಿಂತಿದ್ದಳು. ಬಂಡೆಪ್ಪ ಗೂಟದ ಮೇಲಿನ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಬಂಡೆಪ್ಪ ಬಾಗಿಲ ಹೊರಗೆ ನಿಂತ.

"ಕುಂದ್ರವ್ವಾ."

"ಇರಲ್ರಿ, ನಿಂತ ಇರ್ತೇನಿ."

"ಏನಾಗೇತಿ?"

"ನಡ ನೋವ್ರಿ."

"ಭಾರ ಎತ್ತತೀಯೇನು? ಕೆಳಗ ಏನರ ತ್ರಾಸು?"

"ಏನೂ ಇಲ್ರಿ." ಎಲ್ಲರ ರೋಗವನ್ನೂ ಊರೂರಿಗೆ ಹೇಳಿ ಬಂದ ದವಾಖಾನಿ ರೇಣವ್ವ, ತನ್ನ ಪಾಳಿ ಬಂದಾಗ ಸೆರಗಿನ ಅಂಚು ಸುರುಳಿ ಸುತ್ತುತ್ತ ನೆಲ ನೋಡುತ್ತಿದ್ದಳು.

"ಸುಳ್ಳರಿ!"

ಬಂಡೆಪ್ಪ ಹೊಸ್ತಿಲು ದಾಟಿ ಒಳಗೆ ಬಂದಿದ್ದ. ಜೀವಮಾನದಲ್ಲಿ ಅಷ್ಟು ಜೋರಾಗಿ ಮಾತಾಡಿದವನಲ್ಲ, ಅವನ ಗಂಟಲೇ ಅವನಿಗೆ ಹೊಸದಾಗಿತ್ತು.

"ಆಕಿಗೆ ಕುಂದ್ರಾಕ ಬರಂಗಿಲ್ರಿ. ಮಗಳು ಹುಟ್ಟಿ ಹಸಿ ಮೈ ಆರೂ ಮೊದಲ ನೀರು ಹೊತ್ತಾಳ, ಅವತ್ತಿನಿಂದ ನೆಟ್ಟಗ ಕುಂತಿಲ್ಲ. ಮಂದಿ ಕಾಲಾಗ ಚಕ್ರ ಅಂದ್ರು, ನಾನೂ ಅಂದೆ. ಕುರಿ ಹಿಂಗ ನಿಂತಗೊಂಡ ಇತ್ತಂದ್ರ ನಾ ಬಾಲಾ ಎತ್ತಿ ನೋಡ್ತೇನ್ರಿ, ಮೈ ಹೊರಗ ಬಂದಿರತೈತಿ. ಹಿಂಡಿನಾಗ ಒಂದ ಕುರಿ ಮಲಗಲಿಲ್ಲಂದ್ರ ನನಗ ನಿದ್ದಿ ಬರಂಗಿಲ್ಲ. ಮನಿಯಾಕಿ ಇಷ್ಟು ವರ್ಸ ನಿಂತಾಳ್ರಿ, ಯಾಕ ಅಂತ ಒಮ್ಮಿ ಕೇಳ್ಲಿಲ್ಲ ನಾ."

ರೇಣವ್ವ ಗೋಡೆಯ ಕಡೆ ತಿರುಗಿ ಬಿಕ್ಕಿದಳು. ನಾಚಿಕೆಗೋ, ಅಷ್ಟು ವರ್ಷದ ನೋವಿಗೋ, ಗಂಡ ಅದನ್ನು ಕಂಡನಲ್ಲ ಎಂಬ ನಿರಾಳಕ್ಕೋ, ಅವಳಿಗೇ ತಿಳಿಯಲಿಲ್ಲ. ಬಂಡೆಪ್ಪ ಹೆಗಲಿನ ಕಂಬಳಿ ತೆಗೆದು ಆ ರೇಷ್ಮೆಯ ಸೆರಗಿನ ಮೇಲೆ ಹೊದಿಸಿ, "ಹೇಳು" ಎಂದು ಹೊರಗೆ ಹೋದ.

ಅವಳು ಹೇಳಿದಳು. ಜಾರಿದ ಗರ್ಭಚೀಲಕ್ಕೆ ಅದೇ ಡಾಕ್ಟರಮ್ಮ ಆಪರೇಷನ್ ಮಾಡಿದರು. ಇದು ನೆಟ್ಟಗಾಗುವ ರೋಗವೆಂದು ಗೊತ್ತಿದ್ದರೆ ಇಷ್ಟು ವರ್ಷ ಯಾಕೆ ನಿಲ್ಲುತ್ತಿದ್ದೆ ಎಂದು ರೇಣವ್ವ ಹಾಸಿಗೆಯ ಮೇಲೆ ಒಮ್ಮೆ ಅತ್ತಳು, ಆಮೇಲೆ ಪಕ್ಕದ ಹಾಸಿಗೆಯವಳಿಗೆ ಬುದ್ಧಿ ಹೇಳತೊಡಗಿದಳು.

ಗಾಯ ಮಾಯ್ದು ಮನೆಗೆ ಹೊರಟ ದಿನ ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು. ರೇಣವ್ವ ಹಳೆಯ ರೂಢಿಯಂತೆ ಕಂಬಿ ಹಿಡಿದಳು. ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಕಂಬಿ ಬಿಟ್ಟು, ಹುಷಾರಾಗಿ, ಕಿಟಕಿಯ ಪಕ್ಕ ಕೂತಳು. ಹುನಗುಂದ ದಾಟಿತು. ಅವಳು ಏಳಲಿಲ್ಲ. ಬಂಡೆಪ್ಪ ಮಾತ್ರ, ಪಕ್ಕದಲ್ಲೇ ಜಾಗ ಖಾಲಿಯಿದ್ದರೂ, ಅಮೀನಗಡ ಬರುವ ತನಕ ನಿಂತೇ ಅವಳನ್ನು ನೋಡುತ್ತಿದ್ದ.